ಕೊಟ್ಸುರನ ತಲೆ

ಆರಡಿ ನಾಲ್ಕಂಗುಲ ನಾನು.
ಊರಿನ ಬಾಗಿಲುಗಳಿಗೆಲ್ಲ ನನ್ನ ಹಣೆಯ ಪರಿಚಯವಿತ್ತು.
ಉದ್ದ ಇದ್ದವರ ಬುದ್ಧಿ ಮೊಣಕಾಲಲ್ಲಿ ಎಂದು
ಅಮ್ಮನೇ ನಗುತ್ತಿದ್ದಳು. ಇರಲಿ,
ಚೆಂಡು ಮೇಲಿಂದ ಬಂದರೆ ಅದು ನನ್ನದು.
ಇದೊಂದೇ ನನ್ನ ವಿದ್ಯೆ, ಗಣಿಯವರು ಇದಕ್ಕೇ ಕೊಟ್ಟಿದ್ದರು
ನೆಲದ ಮೇಲಿನ ಹಗುರ ಕೆಲಸ,
ಚಳಿಗಾಲಕ್ಕೆ ಒಂದು ಚೀಲ ಕಲ್ಲಿದ್ದಲು ಹೆಚ್ಚಿಗೆ.
ಭಾನುವಾರ ಗೋಲಿನ ಮುಂದೆ ಕಂಬದ ಹಾಗೆ ನಿಂತರಾಯಿತು.

ಆ ಭಾನುವಾರ ಕಣಿವೆಯಾಚೆಯ ಗಣಿಯ ತಂಡ ಬಂತು.
ಅವರ ಎಡ ಅಂಚಿನಲ್ಲೊಬ್ಬ,
ಅಣ್ಣನ ಅಂಗಿ ತೊಟ್ಟ ಹುಡುಗನ ಹಾಗೆ,
ತೋಳು ಬೆರಳು ಮುಚ್ಚಿ, ಚಡ್ಡಿ ಮಂಡಿ ದಾಟಿ.
ಐದಡಿ ಎರಡಂಗುಲ. ಎವಾಲ್ಡ್ ಕೊಟ್ಸುರ್.
"ಕುಳ್ಳಾ, ಅಪ್ಪ ಬರಲಿಲ್ವೇನೋ?" ಎಂದೆ.
ಎಲ್ಲರೂ ನಕ್ಕರು.
ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ.

ಮೂವತ್ತನೆಯ ನಿಮಿಷ. ಬಲಗಡೆಯಿಂದ ಕಾರ್ನರ್.
ಮಳೆ ಕುಡಿದ ತೊಗಲಿನ ಚೆಂಡು,
ನೆನೆದ ಕಂಬಳಿಯ ಗಂಟಿನಷ್ಟು ಭಾರ,
ಸಿಲೇಸಿಯಾದ ಹೊಗೆಕೊಳವೆಗಳ ನಡುವಿನಿಂದ ಇಳಿದು ಬಂತು.
ನಾನು ಎದ್ದೆ.
ನನ್ನೆತ್ತರದಲ್ಲಿ ಯಾರೂ ಇರಬಾರದಿತ್ತು.
ಇದ್ದ.
ಕಿವಿಯ ಪಕ್ಕ ಒಂದು ಉಸಿರು, ಈರುಳ್ಳಿಯ ವಾಸನೆ,
ಟಪ್ಪೆಂದು ಒಂದು ಸದ್ದು.
ತಿರುಗಿ ನೋಡಿದರೆ ಗೋಲಿ ಗೆರಾರ್ಡ್
ಬಲೆಯೊಳಗೆ ಕೈಹಾಕಿ ಚೆಂಡು ತೆಗೆಯುತ್ತಿದ್ದಾನೆ,
ಕೋಳಿಗೂಡಿಂದ ಮೊಟ್ಟೆ ತೆಗೆಯುವ ಮುದುಕಿಯ ಹಾಗೆ.

ಎರಡನೆಯದೂ ಹಾಗೇ.
ಮೂರನೆಯದಕ್ಕೆ ನಾನು ಅವನ ಅಂಗಿ ಹಿಡಿದಿದ್ದೆ,
ಸುಳ್ಳೇಕೆ, ಮುಷ್ಟಿ ತುಂಬ ಹಿಡಿದಿದ್ದೆ.
ಅಂಗಿ ನನ್ನ ಕೈಯಲ್ಲೇ ಇತ್ತು.
ಅವನು ಮೇಲಿದ್ದ.

ತಲೆ ತಗ್ಗಿಸಿ ಮನೆಗೆ ಹೋದೆ.
ಅಂದೊಂದು ದಿನ ಬಾಗಿಲು ಬಡಿಯಲಿಲ್ಲ.

ವಾರವಿಡೀ ಕೊರೆಯಿತು. ಶನಿವಾರ ಟ್ರಾಮ್ ಹಿಡಿದು
ಅವನ ಮನೆ ಹುಡುಕಿಕೊಂಡು ಹೋದೆ.
ಕೆಂಪು ಇಟ್ಟಿಗೆಯ ಸಾಲುಮನೆ, ಕಿಟಕಿಯ ಚೌಕಟ್ಟಿಗೂ ಕೆಂಪು.
ಹೆಂಡತಿ ಹಿಲ್ಡಾ ಸೌಟಿನಲ್ಲೇ ಮಹಡಿ ತೋರಿಸಿದಳು:
"ಬೆಕ್ಕು ಮೇಲಿದೆ."
ಕೊಟ್ಸುರ್ ಅಂದರೆ ಗಂಡುಬೆಕ್ಕು.
ಸಾಕಿದ್ದು ನಲವತ್ತು ಪಾರಿವಾಳ.

ಅವನ ಕೆಲಸ ಮಂಡಿಯೆತ್ತರದ ಪದರದಲ್ಲಿ.
ಅಲ್ಲಿಗೆ ಕುಳ್ಳರನ್ನೇ ಆರಿಸಿ ಇಳಿಸುತ್ತಿದ್ದರು.
ವಾರಕ್ಕೆ ಆರು ದಿನ ಮಗ್ಗುಲಾಗಿ ಮಲಗಿ ಅಗೆತ,
ಕಣ್ಣಿಂದ ಒಂದು ಗೇಣಿಗೆ ಆಕಾಶ, ಅದೂ ಕಲ್ಲು.
ಹಣೆಯ ತುಂಬ ನೀಲಿ ಗೆರೆ,
ಇದ್ದಲ ಪುಡಿಯನ್ನು ಒಳಗಿಟ್ಟುಕೊಂಡೇ ಮಾಯ್ದ ಗಾಯಗಳು.
ಯಾವುದು ಗಣಿಯದು, ಯಾವುದು ಚೆಂಡಿನ ಹೊಲಿಗೆಯದು,
ಅವನಿಗೇ ಲೆಕ್ಕ ತಪ್ಪಿತ್ತು.

"ಅಷ್ಟೆತ್ತರ ಹೇಗೆ ಹಾರುತ್ತೀಯ?" ಕೇಳೇಬಿಟ್ಟೆ.
ಸುಮ್ಮನಿರು ಎಂಬಂತೆ ಕೈಯೆತ್ತಿದ.
ಪಶ್ಚಿಮಕ್ಕೆ ಹೊಗೆ. ಹೊಗೆಯಲ್ಲಿ ಏನೂ ಇಲ್ಲ.
ಅವನ ಕುತ್ತಿಗೆ ಹಿಂದಕ್ಕೆ ವಾಲಿತು, ಬಾಯಿ ತುಸು ತೆರೆಯಿತು,
ಎಡಕ್ಕೆ ಎರಡು ಹೆಜ್ಜೆ ಸರಿದು
ಕೈ ಚಾಚಿ ನಿಂತ, ಖಾಲಿ ಗಾಳಿಗೆ.
ನಾನು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು.
ಐದಕ್ಕೆ ಬೂದುಬಣ್ಣದ ಹೆಣ್ಣು ಹಕ್ಕಿ
ಮುನ್ನೂರು ಕಿಲೋಮೀಟರ್ ದಾಟಿ ಬಂದು
ಆ ಕೈ ಮೇಲೆಯೇ ಇಳಿಯಿತು, ಎದೆ ಡವಡವ.

ಎಲ್ಲ ಆಗಲೇ ತಿಳಿಯಿತು ಎಂದರೆ ಬಡಾಯಿಯಾದೀತು.
ಆಗ ಆದದ್ದು ಹೊಟ್ಟೆಕಿಚ್ಚು ಅಷ್ಟೆ.
ಹಿಲ್ಡಾ ಕೊಟ್ಟ ಸೂಪು ಕುಡಿದೆ,
ಮೆಟ್ಟಿಲಿಳಿಯುವಾಗ ಹಣೆ ಚಚ್ಚಿಕೊಂಡೆ,
ಮತ್ತೆರಡು ವರ್ಷ ಅವನೆದುರು ಆಡಿದೆ.
ಏಳು ಗೋಲು, ಏಳೂ ನನ್ನ ತಲೆಯ ಮೇಲಿಂದ.

ಒಂದೇ ಒಂದು ಸಲ ನಾನು ಚೆಂಡು ನೋಡಲಿಲ್ಲ.
ಅವನ ಕಾಲು ನೋಡಿದೆ.
ಎಡಕ್ಕೆ ಎರಡು.
ನಾನೂ ಹೋಗಿ ನಿಂತೆ, ಅವನಿಗಿಂತ ಅರೆಗಳಿಗೆ ಮೊದಲು,
ಏನೂ ಇಲ್ಲದ ಗಾಳಿಯ ಕೆಳಗೆ.
ಚೆಂಡು ಬಂದು ನನ್ನ ಹಣೆಗೇ ಕೂತಿತು.

ಕೆಳಗಿನಿಂದ ನನ್ನ ಮುಖ ನೋಡಿ
"ಕಳ್ಳ" ಎಂದ ಕುಳ್ಳ.
ಆಮೇಲೆ ಪಂದ್ಯ ಮುಗಿಯುವವರೆಗೂ
ನಗುತ್ತಲೇ ಇದ್ದ.