ಎಂತ ವಿಶೇಷ

ಕುಂಬಳೆಯ ಮೀನು ಮಾರ್ಕೆಟ್ಟಿನಿಂದ
ಹೊಸಂಗಡಿಯ ಚಿನ್ನದಂಗಡಿಯವರೆಗೆ
ತಕ್ಕಡಿ ಕೆಟ್ಟರೆ ನನ್ನನ್ನೇ ಕರೆಯುತ್ತಾರೆ.
ಕೆಟ್ಟ ತಕ್ಕಡಿ ಸುಲಭ.
ಅದನ್ನು ಕೈಗೆ ಕೊಡುವ ಮೊದಲು ಕೇಳುತ್ತಾರಲ್ಲ,
ಎಂತ ವಿಶೇಷ—
ಅದು ಕಷ್ಟ.

ಬಹಳ ವರ್ಷ ನಾನದಕ್ಕೆ ನಿಜವಾಗಿ ಉತ್ತರ ಕೊಟ್ಟೆ.
ಇವತ್ತು ಶಿರಿಯ ಸೇತುವೆಯ ಮೇಲೆ ರೈಲು ನಾಲ್ಕು ನಿಮಿಷ ನಿಂತಿತ್ತು,
ನೀರ ಮೇಲೆ ಬೋಗಿಯ ನೆರಳು,
ನೆರಳಿನೊಳಗೆ ಕಿಟಕಿಗಳಷ್ಟೇ ಬಿಸಿಲು,
ಎಣಿಸಿದೆ, ಹದಿನೇಳು.
ಬೇಕರಿಯ ಅಂದುಂಞಿಯವರು
ನನ್ನ ಹಿಂದೆ ಯಾರಾದರೂ ಇದ್ದಾರಾ ಎಂದು ನೋಡಿದರು.

ಆಮೇಲೆ ತಿಳಿಯಿತು ಹೇಳಬೇಕಾದ್ದು ಎಂತ ಇಲ್ಲ ಎಂದು.
ತುಳುವಿನಲ್ಲಾದರೆ ದಾಲ ಇಜ್ಜಿ,
ಮಲಯಾಳದಲ್ಲಿ ಒನ್ನುಮಿಲ್ಲ.
ಏನೂ ಇಲ್ಲ ಎನ್ನಲಿಕ್ಕೆ ನಮ್ಮೂರಲ್ಲಿ
ಎಷ್ಟೊಂದು ಭಾಷೆ ಉಂಟು!

ರಶೀದಿ ಪುಸ್ತಕದ ಹಿಂಬದಿ ಬರೆದಿಟ್ಟುಕೊಂಡಿದ್ದೇನೆ:
ಸೆಕೆಯ ಬಗ್ಗೆ ಒಂದು ಮಾತು.
ಮಕ್ಕಳಿದ್ದರೆ ಪರೀಕ್ಷೆ.
ಗಲ್ಫಿನ ಅಣ್ಣ ಊರಿಗೆ ಯಾವಾಗ.
ಕಣ್ಣು ನೋಡಲಾಗದಿದ್ದರೆ ಹುಬ್ಬು ಸಾಕು.
ಅವರು ನಕ್ಕರೆ ನಗುವುದು, ಅವರಿಗಿಂತ ಮೊದಲು ನಿಲ್ಲಿಸುವುದು.
ಒಮ್ಮೆ ಸಾಲು ತಪ್ಪಿತು.
ಬೊಜ್ಜದ ಊಟ ಮುಗಿಸಿ ಬಂದ ಲೀಲಕ್ಕನಿಗೆ
ಗಮ್ಮತ್ತಾಯಿತಾ ಎಂದು ಕೇಳಿಬಿಟ್ಟೆ.
ಆ ರಾತ್ರಿಯಿಡೀ ಅದೊಂದೇ ಶಬ್ದ ತಿರುಗಿತು
ಅಕ್ಕಿ ಮುಗಿದ ಮೇಲೂ ತಿರುಗುವ ಗ್ರೈಂಡರಿನ ಹಾಗೆ.

ಮೂವತ್ತನಾಲ್ಕನೇ ವಯಸ್ಸಿಗೆ ಮಂಗಳೂರಿನ ಡಾಕ್ಟರು
ಇದಕ್ಕೊಂದು ಹೆಸರು ಕೊಟ್ಟರು. ಆಟಿಸಂ.
ಅಮ್ಮನಿಗೆ ಕೇಳಿಸಿದ್ದು ಅರ್ಧ.
ಆಟಿಯಾ? ಇಲ್ಲ ಡಾಕ್ಟ್ರೇ, ಇವಳು ಹುಟ್ಟಿದ್ದು ಸೋಣದಲ್ಲಿ,
ಆಟಿ ಹೋಗಿ ಆರು ದಿನ ಆಗಿತ್ತು!
ಡಾಕ್ಟರು ನಕ್ಕರು. ನಾನೂ ನಕ್ಕೆ,
ಪುಸ್ತಕ ನೋಡದೆ.

ಹೊಸಂಗಡಿಯ ಅಂಗಡಿಯಲ್ಲಿ ಮಿಸ್ರಿಯಾ ಇದ್ದಾಳೆ.
ಚಿನ್ನದ ತಕ್ಕಡಿಗೆ ಗಾಳಿ ಆಗುವುದಿಲ್ಲ;
ಅದರ ಗಾಜಿನ ಗೂಡು ಒಡೆದಿತ್ತು ಆ ದಿನ.
ಐದು ಗ್ರಾಮಿನ ಬಟ್ಟು ಇಟ್ಟರೆ
ನಾಲ್ಕು ಪಾಯಿಂಟ್ ಒಂಬತ್ತು ಒಂಬತ್ತು ಆರು,
ಐದು ಪಾಯಿಂಟ್ ಸೊನ್ನೆ ಸೊನ್ನೆ ಮೂರು,
ಅಂಕಿಗೆ ಕೂರಲು ಜಾಗವಿಲ್ಲ.
ಅವಳು ಎದ್ದು ಫ್ಯಾನು ಆರಿಸಿದಳು. ಟಿವಿ ಆರಿಸಿದಳು.
ಗಾಜಿನ ಬಾಗಿಲೆಳೆದು ಹೈವೇಯನ್ನೂ ಆರಿಸಿದಳು.
ಬೆಳಗ್ಗಿನಿಂದ ನನ್ನ ಕಿವಿಯೊಳಗೆ ನಿಂತಿದ್ದ ಬಸ್ಸು
ಹೊರಟುಹೋಯಿತು.

ಎಂತ ವಿಶೇಷ, ಅಂದಳು.
ಪುಸ್ತಕ ಬ್ಯಾಗಿನ ತಳದಲ್ಲಿ, ಸ್ಪಾನರುಗಳ ಕೆಳಗೆ.
ಅವಳು ಎರಡನೇ ಪ್ರಶ್ನೆ ಹಾಕಲಿಲ್ಲ.
ಅಂಕಿ ನಿಲ್ಲುವುದನ್ನು ನೋಡುತ್ತಿದ್ದಳು, ನನ್ನನ್ನಲ್ಲ.
ಹತ್ತು ಸೆಕೆಂಡ್. ಹನ್ನೊಂದು.
ಬಾಯಿಗೆ ಬಂದದ್ದು ಆ ಹಳೆಯದೇ:
ಹದಿನೇಳು ಕಿಟಕಿ. ಶಿರಿಯದಲ್ಲಿ. ನೀರ ಮೇಲೆ.

ಯಾವ ಕಡೆ ಕೂತರೆ ಕಾಣುತ್ತದೆ?

ಯಾವ ಕಡೆ!
ಕಡಲ ಕಡೆ, ಅಂದೆ, ಬೆಳಗ್ಗಿನ ಗಾಡಿಯಲ್ಲಿ.
ಸಂಜೆಯಾದರೆ ಗುಡ್ಡದ ಕಡೆ.
ಮಳೆಗಾಲದಲ್ಲಿ ಸಿಕ್ಕಿದರೆ ಸಿಕ್ಕಿತು.
ಅಲ್ಲಿಂದ ಸೇತುವೆಯ ಕಂಬಕ್ಕೆ ಹೋದೆ,
ಕಂಬದಿಂದ ಭಾರಕ್ಕೆ, ಭಾರದಿಂದ ಲೋಡ್ ಸೆಲ್ಲಿಗೆ,
ಕಬ್ಬಿಣ ಕೂದಲೆಳೆಯಷ್ಟು ಬಾಗಿದ್ದನ್ನು
ಅದು ಹೇಗೆ ಅಂಕಿಯಾಗಿ ಹೇಳುತ್ತದೆ ಎಂಬುದಕ್ಕೆ.
ನಿಲ್ಲಿಸುವುದು ಎಲ್ಲಿ ಎಂದು ನಾನು ಬರೆದಿಟ್ಟಿರಲಿಲ್ಲ.

ಬಾಗಿಲು ತೆರೆಯಿತು. ಉಂಗುರ ಬೇಕಾದವರು, ಮೂವರು.
ಮಿಸ್ರಿಯಾ ಬೆರಳೆತ್ತಿದಳು: ಒಂದು ನಿಮಿಷ, ಅಲ್ಲೇ ಇರು.
ಅಂಗಡಿಯಲ್ಲೋ ಮಾತಿನಲ್ಲೋ ಎಂದು ತಿಳಿಯದೆ
ಎರಡರಲ್ಲೂ ಇದ್ದೆ.
ಫ್ಯಾನು ತಿರುಗಿತು, ಹೈವೇ ಒಳಗೆ ಬಂತು,
ಅಂಕಿಗಳು ಮತ್ತೆ ಹಾರಾಡಿದವು.

ಅವರು ಹೋದರು.
ಅವಳು ಫ್ಯಾನಿನ ಸ್ವಿಚ್ಚಿಗೆ ಕೈ ಚಾಚುತ್ತ,
ಹ್ಞಾಂ, ಅಂದಳು,
ಲೋಡ್ ಸೆಲ್ಲಿನಲ್ಲಿ ಇದ್ದೆ.

ರಶೀದಿ ಬರೆಯುವುದು ಮರೆತೇಹೋಯಿತು.
ಮಂಗಳವಾರ ಇನ್ನೊಮ್ಮೆ ಹೋಗಬೇಕು.