ಸೊನ್ನೆಯ ದಿನ

ಮೋಲೊಯ್ ಬಂದರಿನಲ್ಲಿ ಮೂವತ್ತೊಂದು ವರ್ಷ
ಕಾಡ್ ಮೀನಿನ ಪೆಟ್ಟಿಗೆಗಳಿಗೆ
ಸಲಿಕೆಯಲ್ಲಿ ಮಂಜುಗಡ್ಡೆ ಸುರಿದವಳು ಗುನ್‌ವೋರ್.
ಮೊನ್ನೆ ಬಾಯ್ತುಂಬ ಅದನ್ನೇ ಚೀಪಿದಳು
ಮದ್ದು ನರಕ್ಕಿಳಿಯುವಷ್ಟು ಹೊತ್ತೂ,
ಬಾಯಿ ಹುಣ್ಣಾಗದಿರಲೆಂದು.
"ಈಗ ನಾನೇ ಮೀನು" ಅಂದಳು,
ತುಟಿ ಮರಗಟ್ಟಿ ಮಾತು ತೊದಲಿತ್ತು.

ಬರ್ಗನ್ನಿನ ಈ ಕಿಟಕಿ ತೆರೆಯುವುದಿಲ್ಲ.
ಇವತ್ತು, ಬಿಳಿ ಹೊಗೆಯಾಡುವ ಡಬ್ಬಿಯಿಂದ
ತೆಗೆದರು ಒಂದು ಪುಟ್ಟ ಚೀಲ:
ತಿಂಗಳ ಹಿಂದೆ ಅವಳ ನೆತ್ತರಿಂದಲೇ ಸೋಸಿ
ಹೆಪ್ಪುಗಟ್ಟಿಸಿಟ್ಟ ಆಕರಕೋಶ.
ನರ್ಸ್ ಹೆಸರು ಕೇಳಿದಳು, ಹುಟ್ಟಿದ ತಾರೀಕು ಕೇಳಿದಳು,
ಎರಡೆರಡು ಸಲ.
ಅಡವಿಟ್ಟದ್ದನ್ನು ಬಿಡಿಸಿಕೊಳ್ಳಲು ಬಂದವಳಂತೆ
ಎರಡು ಸಲವೂ ಗಟ್ಟಿಯಾಗಿ ಹೇಳಿದಳು ಇವಳು.

ಇಪ್ಪತ್ತು ನಿಮಿಷ. ಅಷ್ಟೇ.
ಕೋಣೆಯೆಲ್ಲ ಬೆಂದ ಜೋಳದ, ಬೆಳ್ಳುಳ್ಳಿಯ ವಾಸನೆ.
ಅವಳಿಗೆ ಗೊತ್ತಾಗಲಿಲ್ಲ.
ನನಗೆ ಹಸಿವಾಯಿತು, ನಾಚಿಕೆಯೂ.

ಡಾಕ್ಟರು ವಾಸಿ ಅನ್ನಲಿಲ್ಲ.
"ಕೆಲವು ವರ್ಷ" ಅಂದರು, ಬೆರಳು ಮಡಿಸದೆ.

ಗೋಡೆಯ ಹಲಗೆಯ ಮೇಲೆ ಸೊನ್ನೆ ಬರೆದಿದ್ದಾರೆ.
ನಾಳೆ ಒಂದು.
ಎಲುಬಿನ ಕತ್ತಲಲ್ಲಿ ಯಾರನ್ನೂ ಕೇಳದೆ
ತಮ್ಮ ಹಳೆಯ ಮನೆ ಹುಡುಕುತ್ತಿವೆ ಅವು.

ಕೂದಲು ಇನ್ನೂ ಉದುರಿಲ್ಲ.
ಬಾಚಣಿಗೆ ಹಿಡಿದು ಕೂತಿದ್ದೇನೆ:
ಬೈತಲೆ ಎಡಕ್ಕೋ, ಬಲಕ್ಕೋ?
ನಲವತ್ತು ವರ್ಷ ನೋಡಿಯೂ
ಕೇಳಬೇಕಾಯಿತು.