ಕಿಲುಬು

ರಾಯ್ಕರರೇ,
ಬೆಳಿಗ್ಗೆ ನೀವು ಬರುವ ಹೊತ್ತಿಗೆ ನಾನು
ಕೋಡಿಬಾಗದ ಬಸ್ಸಿನಲ್ಲಿ ತೂಕಡಿಸುತ್ತಿರುತ್ತೇನೆ.
ಲಾಗ್ ಪುಸ್ತಕದಲ್ಲಿ ಜಾಗ ಸಾಲಲಿಲ್ಲ,
ಐಸ್ ಪ್ಲಾಂಟಿನ ಹಳೇ ಬಿಲ್ಲಿನ ಬೆನ್ನಿಗೆ ಬರೆದಿದ್ದೇನೆ.

ರಾತ್ರಿ ಒಂದೂ ನಲವತ್ತಕ್ಕೆ ಮತ್ತೆ ಅದೇ.
ನೂರಕ್ಕೆ ಮೂವತ್ತೆಂಟು ಬರೆದು ಟೇಪು ನಿಂತಿತು.
ಹಳದಿ ದೀಪ. ಪರದೆಯ ಮೇಲೆ ಒಂದೇ ಸಾಲು:
ಬರೆಯಲಾಗಲಿಲ್ಲ, ಕಾರಣ ತಿಳಿದಿಲ್ಲ.
ಯಂತ್ರವೇ ಹೀಗೆ ಕೈಚೆಲ್ಲಿದರೆ
ಮನುಷ್ಯರು ಏನು ಮಾಡಬೇಕು?
ಚಹಾ ಕುಡಿಯಬೇಕು. ಕುಡಿದೆ.

ಆಮೇಲೆ ಒಂದೊಂದೇ.
ಒಮ್ಮೆಗೆ ಒಂದನ್ನೇ ಬದಲಿಸು, ಎರಡು ಬದಲಿಸಿದರೆ
ಯಾರು ಕಳ್ಳ ಯಾರು ಸಾಕ್ಷಿ ತಿಳಿಯುವುದಿಲ್ಲ;
ನೀವೇ ಕಲಿಸಿದ್ದು.
ಹೊಸ ಟೇಪು ಹಾಕಿದೆ: ಮೂವತ್ತೊಂದಕ್ಕೆ ನಿಂತಿತು.
ತೊಳೆಯುವ ಟೇಪು ಹಾಕಿದೆ:
ಅದರ ಲೆಕ್ಕದ ಐವತ್ತು ಸಲ ಎಂದೋ ಮುಗಿದಿದೆ,
ಕೊಳೆಬಟ್ಟೆಯಿಂದ ನೆಲ ಒರೆಸಿದ ಹಾಗೆ.
ಸ್ಟೋರೇಜು ಪೆಟ್ಟಿಗೆಯನ್ನು ವಿಚಾರಿಸಿದೆ:
ಹನ್ನೆರಡು ಡಿಸ್ಕಿಗೂ ಹಸಿರು ದೀಪ, ಏನೂ ಅರಿಯದ ಮುಖ.
ತಪ್ಪು ಟೇಪಿನ ಹಿಂದೆ ಹೋಗಲಿಲ್ಲ,
ಡಿಸ್ಕಿನ ಹಿಂದೆಯೂ ಹೋಗಲಿಲ್ಲ,
ಡ್ರೈವಿನ ಮಗ್ಗುಲಲ್ಲೇ ಕಾಲು ಚಾಚಿ ಕೂತಿತ್ತು.

ಎರಡೂವರೆಗೆ ಜಟ್ಟಿ ಹರಿಕಂತ್ರ ಬಂದ,
ಕೈಯಲ್ಲಿ ಟಾರ್ಚು, ಕಿವಿಗೆ ಮಫ್ಲರು.
ಬೈತಖೋಲದ ಧಕ್ಕೆಯಿಂದ ಆಗಷ್ಟೇ
ಹದಿನೇಳು ಬೋಟು ಹೊರಟಿದ್ದವು.
ನಾನು ನೆಲದ ಮೇಲೆ ಅಂಗಾತ ಮಲಗಿ
ಡ್ರೈವಿನ ಬೆನ್ನು ನೋಡುತ್ತಿದ್ದೆ.
ಅವನು ಟಾರ್ಚು ಹಿಡಿದು ಬಗ್ಗಿ ಅಂದ:
‘ಬಾಯಿ, ಕಿಲುಬು ಹಿಡಿದಿದೆಯಲ್ಲ.’

ಹೌದು. ಕೇಬಲ್ಲಿನ ತುದಿಯಲ್ಲಿ ಸಣ್ಣ ಹಸಿರು,
ಹಿತ್ತಾಳೆ ತಂಬಿಗೆಯ ಕಂಠದಲ್ಲಿ ಕೂರುವಂಥದ್ದು.
ಎ.ಸಿ. ಕೆಟ್ಟ ಆ ಜೂನಿನಲ್ಲಿ ಕಿಟಕಿ ತೆರೆದಿದ್ದೆವು,
ನೆನಪಿದೆಯಾ? ತಂಪು ಬಂತು ಎಂದುಕೊಂಡಿದ್ದೆವು.
ಬಂದದ್ದು ಉಪ್ಪು.

ಅವನ ಹೆಂಡತಿಯಾದರೆ ಮುರುಗಲ ಸಿಪ್ಪೆಯಿಂದ ತಿಕ್ಕುತ್ತಿದ್ದಳಂತೆ.
ಬೇಡ ಎಂದೆ. ಆಗ ಅವನು ಜೇಬಿನಿಂದ ತೆಗೆದದ್ದು
ಮೊಮ್ಮಗಳ ರಬ್ಬರು, ಗುಲಾಬಿ ಬಣ್ಣ, ಸ್ಟ್ರಾಬೆರಿ ವಾಸನೆ.
ಕರೆಂಟು ತೆಗೆದು, ಉಸಿರು ಹಿಡಿದು,
ಒಂದೊಂದೇ ಹಲ್ಲನ್ನು ಉಜ್ಜಿದೆ.

ನಾಲ್ಕೂ ಹತ್ತಕ್ಕೆ ನೂರಕ್ಕೆ ನೂರು.

ಪತ್ರ ಇಲ್ಲಿಗೇ ಮುಗಿಯಬಹುದಿತ್ತು.
ಜಟ್ಟಿ ಬಾಗಿಲಲ್ಲೇ ನಿಂತಿದ್ದ.
‘ಬರೆದದ್ದಾಯಿತು. ತಿರುಗಿ ಬಂತಾ?’
‘ಏನು?’
‘ಹೊರಟ ಬೋಟು ಎಣಿಸುವುದಕ್ಕೆ
ನಿದ್ದೆಗಣ್ಣಿನ ಹುಡುಗನೂ ಸಾಕು.
ನನಗೆ ಸಂಬಳ ಕೊಡುವುದು
ಬಂದ ಬೋಟು ಎಣಿಸುವುದಕ್ಕೆ.’

ಹಾಗಾಗಿ ಕಪಾಟು ತೆಗೆದೆ.
ಮಾರ್ಚಿಯ ಟೇಪನ್ನು ಹಾಕಿ, ಒಂದೇ ಒಂದು ಪುಟ ಕೊಡು ಎಂದೆ,
ಯಾವ ಬೋಟು, ಎಷ್ಟು ಜನ, ಎಷ್ಟಕ್ಕೆ ಹೊರಟರು.
ಟೇಪು ತಿರುಗಿತು, ತಿರುಗಿತು, ಬರಿಗೈಯಲ್ಲಿ ಹೊರಬಂತು.
ಏಪ್ರಿಲ್ಲಿನದೂ ಹಾಗೇ.
ಜುಲೈಯದರಲ್ಲಿ ಮೊದಲ ಮೂರು ದಿನ ಇದೆ,
ಆಮೇಲೆ ಇಲ್ಲ.

ರಿಜಿಸ್ಟರಿನಲ್ಲಿ ಇಪ್ಪತ್ತೆರಡು ವಾರ
‘ಸರಿ ಇದೆ’, ‘ಸರಿ ಇದೆ’, ‘ಸರಿ ಇದೆ’.
ಕೆಳಗೆ ನಿಮ್ಮ ಸಹಿ, ಬಾಲ ತಿರುವಿದ ಬಂಗಡೆಯ ಹಾಗೆ.
ಬೈಯುತ್ತಿಲ್ಲ. ಅದರಲ್ಲಿ ಹನ್ನೊಂದು ಸಹಿ ನನ್ನವು.
ಪೆಟ್ಟಿಗೆ ಹೇಳಿತು ‘ಮುಗಿಯಿತು’ ಎಂದು,
ನಾವು ಅದನ್ನೇ ‘ಸರಿ’ ಎಂದು ಓದಿದೆವು.
ಯಾವುದನ್ನೂ ಹೊಡೆದುಹಾಕಿಲ್ಲ.
ಪ್ರತಿ ಸಾಲಿನ ಮುಂದೆ ಇವತ್ತಿನ ತಾರೀಖು ಹಾಕಿ
‘ಓದಿ ನೋಡಿರಲಿಲ್ಲ’ ಎಂದು ಬರೆದಿದ್ದೇನೆ.
ನನ್ನವಕ್ಕೆ ಸಹಿ ಮಾಡಿದೆ. ನಿಮ್ಮವಕ್ಕೆ ಜಾಗ ಬಿಟ್ಟಿದೆ.

ನಿನ್ನೆಯ ಟೇಪಿನಿಂದ ಒಂದು ಪುಟ ತಿರುಗಿ ಬಂದಿದೆ.
ಛಾಪಿಸಿ ನಿಮ್ಮ ಮೇಜಿನ ಮೇಲೆ ಇಟ್ಟಿದ್ದೇನೆ.
ತೊಳೆಯುವ ಟೇಪಿಗೆ ಅರ್ಜಿ ಹಾಕಿ. ಕಿಟಕಿ ಮುಚ್ಚಿಸಿ.
ರಬ್ಬರು ಎರಡನೇ ಡ್ರಾಯರಿನಲ್ಲಿದೆ,
ಎಂಟೂವರೆಯೊಳಗೆ ಜಟ್ಟಿಗೆ ಕೊಡಿ,
ಹುಡುಗಿಗೆ ಇವತ್ತು ಗಣಿತದ ಪರೀಕ್ಷೆ.

ಬೋಟು ಹದಿನಾರು ಬಂದಿವೆ.
ಇನ್ನೊಂದಕ್ಕೆ ಅವನು ಧಕ್ಕೆಯಲ್ಲೇ ಇದ್ದಾನೆ.

ಮಂದಾ ಗುನಗಿ